ಮನೆಯಲ್ಲಿ ಉಳಿಯೋದು ಪುಕ್ಕಟೆ ಅಲ್ಲ: ಬಾಲ್ಕನ್‌ನಿಂದ ಕೊಡೇಕಲ್‌ವರೆಗೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕೊಡೇಕಲ್‌ನಿಂದ ಮಾತಾಡ್ತಿದೀನಿ. ನಡುವೆ ಟ್ರ್ಯಾಕ್ಟರ್ ಸದ್ದು ಬಂದ್ರೆ ಸುಧಾರಿಸ್ಕೊಳ್ರಿ. ನಮ್ಮ ಸ್ಟುಡಿಯೋ ಅಂದ್ರೆ ಮಾಳಿಗೆ ಮೇಲಿನ ಒಂದು ರೂಮು, ಎರಡು ಕೌದಿ, ಒಂದು ಮೈಕು. ಅಷ್ಟೇ.

ಇವತ್ತಿನ ಸಂಚಿಕೆಗೆ ಕಾರಣ ಒಬ್ಬರು ಕೇಳುಗರು ಕಳಿಸಿದ ಸಂದೇಶ. ಹೆಸರು ಹೇಳಬೇಡಿ ಅಂದಿದಾರೆ, ಹೇಳೋದಿಲ್ಲ. ಅವರು ಬರೆದದ್ದು ಹೀಗಿದೆ: "ಅಕ್ಕಾ, ನಮ್ಮ ಮದುವಿ ಆಗಿ ಆರು ತಿಂಗಳಾಯ್ತು. ಗಂಡ ಹೆಂಡ್ತಿ ಬಾಲ್ಕನ್ ದೇಶಗಳನ್ನ ಸುತ್ತೋ ವಿಡಿಯೋ ನೋಡಿದ್ವಿ. ಹೋಟೆಲ್ಲಿಲ್ಲ, ಅಲ್ಲಿಯ ಮಂದಿ ಮನ್ಯಾಗೇ ಉಳೀತಾರ, ಅವರ ಊಟಾನೇ ಉಣ್ತಾರ. ನಮಗ ಅಷ್ಟು ದೂರ ಹೋಗ್ಲಾಕ ರೊಕ್ಕಿಲ್ಲ. ನಮ್ಮ ಕಡೀನೇ ಹಿಂಗ ಸುತ್ತಾಡ್ಲಾಕ ಬರ್ತದೇನು? ಇನ್ನೊಂದು ಮಾತು, ನಮ್ಮಿಬ್ಬರದೂ ಬ್ಯಾರೆ ಬ್ಯಾರೆ ಜಾತಿ."

ಕೊನೆಯ ಸಾಲನ್ನ ಅವರು 'ಇನ್ನೊಂದು ಮಾತು' ಅಂತ ಬರೆದಿದಾರೆ. ನನಗೆ ಅದೇ ಮೊದಲ ಮಾತು ಅನ್ನಿಸ್ತು. ಅಲ್ಲಿಗೆ ಬರ್ತೀನಿ. ಅದಕ್ಕಿಂತ ಮುಂಚೆ ಬಾಲ್ಕನ್ ಕಡೆ ಹೋಗಿ ಬರೋಣ.

ಬಾಲ್ಕನ್ ಅಂದ್ರೆ ಯುರೋಪಿನ ಆಗ್ನೇಯ ಮೂಲೆ. ಸರ್ಬಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಕೊಸೊವೊ, ಉತ್ತರ ಮ್ಯಾಸಿಡೋನಿಯಾ, ಬಲ್ಗೇರಿಯಾ ಇವೆಲ್ಲ ಅದರೊಳಗೆ ಬರ್ತಾವೆ. ಕಡಿಮೆ ಖರ್ಚಿನಲ್ಲಿ ಯುರೋಪ್ ನೋಡ್ಬೇಕು ಅನ್ನೋರು ಅಲ್ಲಿಗೆ ಯಾಕೆ ಹೋಗ್ತಾರೆ ಅಂದ್ರೆ ಪ್ಯಾರಿಸ್, ಜ್ಯೂರಿಕ್‌ಗೆ ಹೋಲಿಸಿದ್ರೆ ಊಟ, ಬಸ್ಸು, ರೂಮು ಎಲ್ಲಾ ಅಗ್ಗ. ಸರ್ಬಿಯಾಕ್ಕೆ ನಮ್ಮ ದೇಶದವರು ವೀಸಾ ಇಲ್ಲದೇ ಹೋಗಬಹುದಿತ್ತು. ಆ ಸೌಲಭ್ಯ 2023ರ ಜನವರಿ 1ರಿಂದ ಬಂದ್ ಆಯ್ತು. ಈಗ ಷೆಂಗೆನ್, ಅಮೆರಿಕ ಅಥವಾ ಬ್ರಿಟನ್ನಿನ ಚಾಲ್ತಿ ವೀಸಾ ಇದ್ದವರನ್ನ ಈ ದೇಶಗಳಲ್ಲಿ ಹಲವು ಬೇರೆ ವೀಸಾ ಕೇಳದೇ ಒಳಗೆ ಬಿಡ್ತಾವೆ. ನಿಯಮ ಆಗಾಗ ಬದಲಾಗ್ತದೆ, ಹೋಗೋರು ಆಯಾ ದೇಶದ ರಾಯಭಾರ ಕಚೇರಿಯ ಪುಟ ನೋಡೇ ಟಿಕೆಟ್ ತೆಗೀರಿ.

ಮನೆಯಲ್ಲಿ ಉಳಿಯೋದು ಹೇಗೆ ನಡೀತದೆ? ಇದಕ್ಕೆ ಹಳೇ ಚರಿತ್ರೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ ಸರ್ವಾಸ್ ಅನ್ನೋ ಸಂಘಟನೆ ಶುರುವಾಯ್ತು. ಬೇರೆ ದೇಶದವರನ್ನ ಮನೆಗೆ ಕರೆದು ಎರಡು ದಿನ ಇಟ್ಕೊಂಡ್ರೆ ನಾಳೆ ಅವರ ಮೇಲೆ ಬಂದೂಕು ಎತ್ತೋದು ಕಷ್ಟ ಆಗ್ತದೆ ಅನ್ನೋ ವಿಚಾರ ಅದು. ಇಂಟರ್ನೆಟ್ ಬಂದ ಮೇಲೆ 2004ರಲ್ಲಿ ಕೌಚ್‌ಸರ್ಫಿಂಗ್ ಬಂತು. ನಿಮ್ಮ ಮನೆಯ ಸೋಫಾ ಖಾಲಿ ಇದ್ರೆ ಒಬ್ಬ ಅಪರಿಚಿತ ಬಂದು ಮಲಗ್ತಾನೆ, ದುಡ್ಡು ಕೊಡೋದಿಲ್ಲ. ಅದೇ ಕೌಚ್‌ಸರ್ಫಿಂಗ್ 2011ರಲ್ಲಿ ಲಾಭಕ್ಕೆ ನಡೆಯೋ ಕಂಪನಿ ಆಯ್ತು. 2020ರಲ್ಲಿ ಕೊರೊನಾ ಬಂದಾಗ ಹಲವು ದೇಶಗಳ ಸದಸ್ಯರಿಗೆ ಶುಲ್ಕ ಹಾಕ್ತು. ಮಲಗಿಸೋನು ದುಡ್ಡು ತಗೊಳ್ಳಲ್ಲ, ಪರಿಚಯ ಮಾಡಿಸೋನು ತಗೊಳ್ತಾನೆ. ನಾನು ಬಿ.ಕಾಂ. ಓದಿದವಳು, ಇಂಥ ಕಡೆ ನನ್ನ ಕಣ್ಣು ತಾನಾಗೇ ನಿಲ್ತದೆ.

ಬಾಲ್ಕನ್ ಮಂದಿಗೆ ಅತಿಥಿ ಅಂದ್ರೆ ಬಹಳ ದೊಡ್ಡ ಮಾತು. ಸರ್ಬಿಯಾದಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ಚಮಚ ಸ್ಲಾಟ್ಕೊ ಕೊಡ್ತಾರೆ, ಅಂದ್ರೆ ಸಕ್ಕರೆ ಪಾಕದಲ್ಲಿ ಕುದಿಸಿಟ್ಟ ಹಣ್ಣು. ಜೊತೆಗೆ ಒಂದು ಲೋಟ ತಣ್ಣೀರು. ಇದನ್ನ ಓದಿದ ಕೂಡ್ಲೇ ನನಗೆ ನೆನಪಾದದ್ದು ನಮ್ಮ ಬೆಲ್ಲ-ನೀರು. ಬಿಸಿಲಲ್ಲಿ ಬಂದವರಿಗೆ ನಮ್ಮ ಅಜ್ಜಿ ಹೆಸರು ಕೇಳೋ ಮುಂಚೆ ಬೆಲ್ಲದ ತುಣುಕು, ತಂಬಿಗೆ ನೀರು ಮುಂದಿಡ್ತಿದ್ರು.

ಇನ್ನೊಂದು ಮಜಾ ಕೇಳ್ರಿ. ಬೋಸ್ನಿಯಾದಲ್ಲಿ ಅತಿಥಿಗೆ 'ಮುಸಾಫಿರ್' ಅಂತಾರೆ. ಅಲ್ಬೇನಿಯಾದಲ್ಲಿ 'ಮ್ಯುಸಾಫಿರ್'. ನಮ್ಮ ಸುರಪುರ, ಶಹಾಪುರ ಕಡೆ 1948ರವರೆಗೆ ನಿಜಾಮರ ಆಡಳಿತ ಇತ್ತಲ್ಲ, ಆ ಶಬ್ದ ನಮಗೂ ಗೊತ್ತು. ಅರಬ್ಬಿಯಲ್ಲಿ ಅದರ ಅರ್ಥ ದಾರಿಹೋಕ. ನಮ್ಮಲ್ಲಿ ಅವನು ಇನ್ನೂ ದಾರಿಹೋಕನೇ. ಅಲ್ಲಿ ತುರ್ಕರ ಕಾಲದಲ್ಲಿ ಆ ಶಬ್ದ ಮನೆಯೊಳಗೆ ಬಂದು ಕೂತು ಅತಿಥಿ ಆಗಿಬಿಡ್ತು.

ಅಲ್ಬೇನಿಯಾದಲ್ಲಿ 'ಬೆಸಾ' ಅಂತ ಒಂದು ಮಾತಿದೆ. ಕೊಟ್ಟ ಮಾತು, ನಂಬಿಕೆ ಅಂತ ಅರ್ಥ. ಬಾಗಿಲಿಗೆ ಬಂದವನನ್ನ ಕಾಪಾಡೋದು ಮನೆಯವರ ಹೊಣೆ. ಇದು ಬರೀ ಹೇಳೋ ಮಾತಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಅಲ್ಲಿಯ ಮಂದಿ ಯಹೂದಿಗಳನ್ನ ಮನೆಯೊಳಗೆ ಬಚ್ಚಿಟ್ಟು ಉಳಿಸಿದ್ರು. ಯುದ್ಧ ಮುಗಿದಾಗ ಆ ದೇಶದಲ್ಲಿ ಯಹೂದಿಗಳ ಸಂಖ್ಯೆ ಮೊದಲಿಗಿಂತ ಹೆಚ್ಚಿತ್ತು. 1999ರಲ್ಲಿ ಕೊಸೊವೊದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಅಲ್ಬೇನಿಯಾಕ್ಕೆ ಓಡಿ ಬಂದ್ರು. ಆಗ ಆ ದೇಶದ ಜನಸಂಖ್ಯೆ ಸುಮಾರು ಮೂವತ್ತು ಲಕ್ಷ. ಬಂದವರಲ್ಲಿ ಬಹಳ ಮಂದಿಯನ್ನ ಇಟ್ಕೊಂಡದ್ದು ಸಾದಾ ಬಡ ಕುಟುಂಬಗಳು.

ಇಷ್ಟೆಲ್ಲ ದೊಡ್ಡ ಮಾತು ಕೇಳಿದ ಮೇಲೆ ಆ ವಿಡಿಯೋಗಳನ್ನ ಮತ್ತೊಮ್ಮೆ ನೋಡ್ರಿ. ಗಂಡ ಹೆಂಡತಿ ಹೊಸಲು ದಾಟಿ ಒಳಗೆ ಬರ್ತಾರೆ. ಮನೆ ಯಜಮಾನ ಕೈ ಕುಲುಕ್ತಾನೆ, ಯುದ್ಧದ ಕಥೆ ಹೇಳ್ತಾನೆ, ತನ್ನ ದ್ರಾಕ್ಷಿ ತೋಟ ತೋರಿಸ್ತಾನೆ. ಅಜ್ಜಿ ತಾಟು ಹಿಡ್ಕೊಂಡು ಬರ್ತಾಳೆ, ನಗ್ತಾಳೆ, ಹೋಗ್ತಾಳೆ. ಕೊನೆಗೆ ಪರದೆ ಮೇಲೆ ಬರ್ತದೆ: ಇವತ್ತಿನ ಖರ್ಚು, ವಸತಿ ಸೊನ್ನೆ, ಊಟ ಸೊನ್ನೆ.

ಈ ಸೊನ್ನೆ ಬಗ್ಗೆನೇ ನನ್ನ ತಕರಾರು. ಬಿ.ಕಾಂ. ಮೊದಲ ವರ್ಷದಲ್ಲಿ ಕಲಿಸೋ ಮೊದಲ ಪಾಠ, ಒಂದು ಕಡೆ ಜಮಾ ಆದ್ರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ನನ್ನ ಪುಸ್ತಕದಲ್ಲಿ ಸೊನ್ನೆ ಇದ್ರೆ ಇನ್ಯಾರದೋ ಪುಸ್ತಕದಲ್ಲಿ ಆ ಖರ್ಚು ಕೂತಿದೆ. ಯಾರ ಪುಸ್ತಕ ಅದು?

ಇದಕ್ಕೆ ಉತ್ತರ ಹುಡುಕ್ಲಿಕ್ಕೆ ನಾವು ಬಾಲ್ಕನ್‌ಗೆ ಹೋಗಬೇಕಾಗಿಲ್ಲ. ನಮ್ಮ ಭಾಗದಲ್ಲಿ ವರ್ಷಾ ವರ್ಷಾ ಸಾವಿರಾರು ಮಂದಿ, ಅದರಲ್ಲಿ ಎಷ್ಟೋ ಗಂಡ ಹೆಂಡತಿ ಜೋಡಿಗಳು, ಕೈಯಲ್ಲಿ ಹೆಚ್ಚು ದುಡ್ಡಿಲ್ಲದೇ, ಗುರುತಿಲ್ಲದ ಊರುಗಳಲ್ಲಿ ಉಂಡು ಮಲಗಿ, ವಾರಗಟ್ಟಲೆ ಪ್ರಯಾಣ ಮಾಡ್ತಾರೆ. ಅದು ಶ್ರೀಶೈಲ ಪಾದಯಾತ್ರೆ. ಯುಗಾದಿ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ನಮ್ಮ ಯಾದಗಿರಿ, ರಾಯಚೂರು ಎಲ್ಲಾ ಕಡೆಯಿಂದ ಮಂದಿ ಕಂಬಿ ಹೊತ್ತು ನಡೀತಾರೆ. ಕರ್ನಾಟಕ ದಾಟಿ ಆಂಧ್ರಕ್ಕೆ ಹೋಗಿ, ವೆಂಕಟಾಪುರಂ, ನಾಗಲೂಟಿ, ಪೆಚ್ಚೆರುವು ಹಾದಿ ಹಿಡಿದು, ನಲ್ಲಮಲ ಅಡವಿಯ ಗುಡ್ಡ ಹತ್ತಿ ಇಳಿದು, ಕೈಲಾಸದ್ವಾರಕ್ಕೆ ಬಂದು ಮಲ್ಲಯ್ಯನ ಗುಡಿ ಮುಟ್ತಾರೆ. ನಮ್ಮ ಕಡೆ ಭ್ರಮರಾಂಬೆಯನ್ನ ಮನೆ ಮಗಳು ಅಂತಾರೆ, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ, ಅರಿಶಿನ-ಕುಂಕುಮ ತಗೊಂಡು ಬೀಗರ ಊರಿಗೆ ಹೊರಟ ಹಾಗೆ ಹೊರಡ್ತಾರೆ.

ದಾರಿಯುದ್ದಕ್ಕೂ ಊರವರು ನೀರು, ಮಜ್ಜಿಗೆ, ಅಂಬಲಿ, ಅನ್ನ-ಸಾರು ಇಟ್ಕೊಂಡು ಕೂತಿರ್ತಾರೆ. ಕಾಲಿನ ಬೊಬ್ಬೆಗೆ ಎಣ್ಣೆ ಹಚ್ತಾರೆ. ಮಲಗ್ಲಿಕ್ಕೆ ಗುಡಿ, ಶಾಲೆ, ಮಠ. ಕೆಲವರು ಮನೆಗೇ ಕರೀತಾರೆ.

ಹೋದ ವರ್ಷ ನಾನೂ ನಮ್ಮ ಮನೆಯವರೂ ನಾಲ್ಕು ದಿನ ಈ ದಾರಿಯಲ್ಲಿ ನಡೆದ್ವಿ. ಪೂರ್ತಿ ಶ್ರೀಶೈಲದವರೆಗಲ್ಲ. ಕೊಡೇಕಲ್‌ನಿಂದ ನಾರಾಯಣಪುರ ದಾಟಿ, ಲಿಂಗಸುಗೂರು ಕಡೆಯಿಂದ ರಾಯಚೂರು ದಿಕ್ಕಿಗೆ. ಮೂರು ರಾತ್ರಿಗಳಲ್ಲಿ ಒಂದು ರಾತ್ರಿ ಗುಡಿಯಲ್ಲಿ, ಎರಡು ರಾತ್ರಿ ಮನೆಗಳಲ್ಲಿ. ಊರಿನ ಹೆಸರು ಹೇಳೋದಿಲ್ಲ, ಉಪಕಾರ ಮಾಡಿದವರನ್ನ ಮೈಕಿನ ಮುಂದೆ ತಂದು ನಿಲ್ಲಿಸಬಾರದು.

ಮೊದಲನೇ ಮನೆಗೆ ಹೋದಾಗ ನಾವಿಬ್ಬರೂ ಅತಿಥಿಗಳೇ. ಇಬ್ಬರೂ ಅಷ್ಟೇ ದೂರ ನಡೆದವರು, ಇಬ್ಬರ ಕಾಲಿಗೂ ಬೊಬ್ಬೆ. ಕಾಲು ತೊಳೆಯೋಕೆ ನೀರು ಕೊಟ್ರು. ನಮ್ಮ ಮನೆಯವರು ಕಟ್ಟೆ ಮೇಲೆ ಕೂತ್ರು, ಹಿರಿಯರು ಬಂದು ಮಳೆ, ಹತ್ತಿ, ಕಾಲುವೆ ನೀರು ಅಂತ ಮಾತು ತೆಗೆದ್ರು. ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಆ ಮನೆ ಸೊಸೆ ಒಬ್ಬಳೇ, ಒಲೆ ಮುಂದೆ. "ಯಕ್ಕಾ, ನಾ ರೊಟ್ಟಿ ಬಡೀಲೇನು?" ಅಂದೆ. "ಬ್ಯಾಡವ್ವಾ, ನಡದು ದಣದೀದಿ, ಕುಂದ್ರು" ಅಂದ್ಲು. ಹತ್ತು ನಿಮಿಷಕ್ಕೆ ನಾನು ಉಳ್ಳಾಗಡ್ಡಿ ಹೆಚ್ತಿದ್ದೆ. ಯಾರೂ ಬಲವಂತ ಮಾಡ್ಲಿಲ್ಲ. ಅವಳ ಬೆವರು ನೋಡ್ತಾ ಸುಮ್ನೆ ಕೂರೋದು ನನ್ನಿಂದ ಆಗಲಿಲ್ಲ. ಕಟ್ಟೆ ಮೇಲೆ ಕೂತವರಿಗೆ ಆ ಬೆವರು ಕಾಣ್ತಿರಲಿಲ್ಲ. ಒಂದೇ ಜೋಡಿ ಒಂದೇ ಮನೆಗೆ ಹೋಗಿದ್ವಿ. ಒಬ್ಬರು ಅತಿಥಿಯಾಗೇ ಉಳಿದ್ರು, ಇನ್ನೊಬ್ಬಳು ಅರ್ಧ ಅತಿಥಿ, ಅರ್ಧ ಆಳು.

ನನಗೆ ಇದರಿಂದ ಬೇಸರ ಇಲ್ಲ. ಒಳಗೆ ಹೋಗದಿದ್ರೆ ಈ ಸಂಚಿಕೆನೇ ಇರ್ತಿರಲಿಲ್ಲ. ಯಾಕಂದ್ರೆ ಅಲ್ಲಿ ಮಾತಾಡ್ತಾ ಗೊತ್ತಾಯ್ತು, ಪಾದಯಾತ್ರೆ ಹೊತ್ತಿನಲ್ಲಿ ಅವಳು ಬೆಳಗಿನ ಮೂರೂವರೆಗೆ ಏಳ್ತಾಳೆ. ಬಂದವರು ತಂಪೊತ್ತಿನಲ್ಲೇ ಹೊರಡ್ತಾರಲ್ಲ, ಚಹಾ, ಉಪ್ಪಿಟ್ಟು ಆಗಬೇಕು. "ವರ್ಷಾ ಎಂಟ್ಹತ್ತು ದಿನ ಹಿಂಗೇ ಇರ್ತದವ್ವಾ. ಮಲ್ಲಯ್ಯ ಕಳಸ್ತಾನ, ನಾವು ಮಾಡ್ತೀವಿ" ಅಂದ್ಲು. ದನಿಯಲ್ಲಿ ಸಿಟ್ಟಿಲ್ಲ, ಭಕ್ತಿ ಇತ್ತು, ದಣಿವೂ ಇತ್ತು. ನಾನು ಕೇಳಿದೆ, "ನೀವು ಒಮ್ಮೆರ ನಡಕೊಂಡು ಹೋಗೀರೇನ್ರಿ ಶ್ರೀಶೈಲಕ್ಕ?"

ಅವಳು ನಕ್ಕಳು. "ನಾ ಹೋದ್ರ ಇಲ್ಲಿ ಬಂದವರಿಗಿ ಯಾರು ಮಾಡಿ ಹಾಕ್ತಾರ?"

ಅದೇ ನೋಡ್ರಿ, ನಾ ಹುಡುಕ್ತಿದ್ದ ಪುಸ್ತಕ. ಆ ಸೊನ್ನೆಯ ಇನ್ನೊಂದು ಬದಿ ಅವಳ ಖಾತೆಯಲ್ಲಿ ಬರೆದಿದೆ.

ಈಗ ಲೆಕ್ಕ ಹಾಕೋಣ. ಇದು ನನ್ನ ಅಂದಾಜು, ನಿಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಇಬ್ಬರಿಗೆ ರಾತ್ರಿ ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ. ಎರಡು ಸಲ ಚಹಾ. ಬೆಳಿಗ್ಗೆ ಉಪ್ಪಿಟ್ಟು. ಸಾಮಾನು, ಕಟ್ಟಿಗೆ ಅಥವಾ ಗ್ಯಾಸ್ ಸೇರಿ 200 ರೂಪಾಯಿ ಅಂತ ಹಿಡೀರಿ. ಇದನ್ನ ಎಲ್ಲರೂ ಲೆಕ್ಕ ಹಿಡೀತಾರೆ. ಬಿಟ್ಟು ಹೋಗೋದು ಕೂಲಿ. ಆಕೆಗೆ ನಮ್ಮಿಂದ ಸಂಜೆ ಮೂರು ತಾಸು, ಬೆಳಿಗ್ಗೆ ಎರಡು ತಾಸು ಹೆಚ್ಚಿನ ಕೆಲಸ, ಒಟ್ಟು ಐದು ತಾಸು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಎಂಟು ತಾಸಿಗೆ ಭಾಗಿಸಿದ್ರೆ ತಾಸಿಗೆ 46 ರೂಪಾಯಿ ಚಿಲ್ಲರೆ. ಐದು ತಾಸಿಗೆ ಸುಮಾರು 230. ಅಂದ್ರೆ ಸಾಮಾನಿಗಿಂತ ಕೂಲಿನೇ ಜಾಸ್ತಿ. ಎರಡೂ ಕೂಡಿ 430. ವಾಪಸ್ ಬರುವಾಗ ನಾವು ಲಾಡ್ಜಿಗೆ 700, ಖಾನಾವಳಿಯಲ್ಲಿ ಇಬ್ಬರ ಊಟಕ್ಕೆ 160 ಕೊಟ್ವಿ. ಆ ಮನೆಯಲ್ಲಿ ಉಳಿದು ನಾವು ಉಳಿಸಿದ್ದು 860. ಅದರಲ್ಲಿ ಅರ್ಧ ಆ ಮನೆಯವರು ನಮಗಾಗಿ ಖರ್ಚು ಮಾಡಿದ್ದು, ಆ ಅರ್ಧದಲ್ಲೂ ಅರ್ಧಕ್ಕಿಂತ ಹೆಚ್ಚು ಒಬ್ಬ ಹೆಣ್ಣುಮಗಳ ರಟ್ಟೆ.

ಇದು ಒಂದು ಮನೆ ಕಥೆ ಅಂತ ಅಂದ್ಕೋಬ್ಯಾಡ್ರಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ. ಗಂಡಸರಲ್ಲಿ ಅದನ್ನ ಮಾಡೋರು ಕೊಡೋದು 88 ನಿಮಿಷ. ಅತಿಥಿ ಬಂದ ದಿನ ಯಾವ ಸಂಖ್ಯೆ ಏರ್ತದೆ ಅಂತ ಹೇಳ್ಲಿಕ್ಕೆ ಸಮೀಕ್ಷೆ ಬೇಕಾಗಿಲ್ಲ.

ಹಾಗಂದ್ರೆ ಅತಿಥಿ ಸತ್ಕಾರನೇ ಬ್ಯಾಡ ಅಂತಾನಾ? ಅಲ್ಲ. ಇದೇ ಪಾದಯಾತ್ರೆಯಲ್ಲಿ ಗುಡಿ, ಮಠದ ದಾಸೋಹ ನೋಡ್ರಿ. ಒಬ್ಬರು ಜೋಳ ಕೊಡ್ತಾರೆ, ಒಬ್ಬರು ಬೇಳೆ, ಒಬ್ಬರು ಕಟ್ಟಿಗೆ, ಒಬ್ಬರು ಮಜ್ಜಿಗೆ. ದೊಡ್ಡ ಬೋಗೋಣಿ ಮುಂದೆ ನಿಂತು ಗಂಡಸರೂ ಅಡುಗೆ ಮಾಡ್ತಾರೆ, ಹುಡುಗರು ಬಡಿಸ್ತಾರೆ, ಗಂಗಾಳ ತೊಳೀತಾರೆ. ಖರ್ಚು ಇಡೀ ಊರಿನ ಮೇಲೆ ಹಂಚಿ ಹೋಗ್ತದೆ. ಒಬ್ಬರ ಬೆನ್ನಿನ ಮೇಲೆ ಬೀಳಲ್ಲ. ಕಲಬುರಗಿಯ ಶರಣಬಸವೇಶ್ವರರ ಹೆಸರು ಇವತ್ತಿಗೂ ದಾಸೋಹದಿಂದಲೇ ನೆನೀತಾರೆ. ದಾಸೋಹದ ಹಿಂದೆ ಭಕ್ತಿ ಇದೆ, ಸರಿ. ಆದ್ರೆ ಭಕ್ತಿ ಜೊತೆ ಒಳ್ಳೇ ಲೆಕ್ಕಪತ್ರಾನೂ ಇದೆ ಅಂತ ನನಗನಿಸ್ತದೆ. ದಾನ ಯಾರದು, ದುಡಿಮೆ ಯಾರದು ಅಂತ ಎಲ್ಲರ ಕಣ್ಣಿಗೂ ಕಾಣ್ತದೆ.

ಇನ್ನೊಂದು ಉದಾಹರಣೆ ನಮ್ಮ ಮನೆ ಬಾಗಿಲಲ್ಲೇ ಇದೆ. ನಮ್ಮ ಜಿಲ್ಲೆಯಿಂದ ಗಂಡ ಹೆಂಡತಿ ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ ದುಡಿಯಲಿಕ್ಕೆ ಹೋಗ್ತಾರೆ. ಇಳಿದ ದಿನ ಎಲ್ಲಿ ಮಲಗ್ತಾರೆ? ಮೊದಲೇ ಹೋದ ಊರವರ ತಗಡಿನ ಶೆಡ್ಡಿನಲ್ಲಿ. ಎಂಟು ದಿನ, ಹದಿನೈದು ದಿನ ಅಲ್ಲೇ ಉಂಡು, ಕೆಲಸ ಸಿಕ್ಕ ಮೇಲೆ ತಮ್ಮದೇ ಶೆಡ್ಡು ಹಾಕ್ಕೋತಾರೆ. ಮುಂದಿನ ವರ್ಷ ಊರಿಂದ ಇನ್ನೊಂದು ಜೋಡಿ ಬಂದ್ರೆ ಇವರ ಶೆಡ್ಡಿನಲ್ಲಿ ಜಾಗ. ಇದಕ್ಕೆ ಆ್ಯಪ್ ಇಲ್ಲ, ಸ್ಟಾರ್ ರೇಟಿಂಗ್ ಇಲ್ಲ. ಆದ್ರೆ ಲೆಕ್ಕ ಸರಿ ಹೋಗ್ತದೆ, ಯಾಕಂದ್ರೆ ಇವತ್ತು ಉಂಡವರು ನಾಳೆ ಉಣಿಸ್ತಾರೆ. ಕಡಿಮೆ ಖರ್ಚಿನ ಪ್ರವಾಸಿಗಳು ಅಂದ್ರೆ ಬ್ಯಾಕ್‌ಪ್ಯಾಕ್ ಹಾಕಿದವರಷ್ಟೇ ಅಲ್ಲ, ತಲೆ ಮೇಲೆ ಚೀಲ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ಹೌದು.

ಈಗ ಆ ಸಂದೇಶದ ಕೊನೇ ಸಾಲಿಗೆ ಬರ್ತೀನಿ. ಜಾತಿ.

ಎರಡನೇ ಮನೆಯ ಮುಂದೆ ನಾವು ನಾಲ್ಕು ಜನ ನಿಂತಿದ್ವಿ. ನಾವಿಬ್ಬರು, ದಾರಿಯಲ್ಲಿ ಜೊತೆಯಾದ ಇನ್ನೊಂದು ಜೋಡಿ. ಮನೆಯ ಹಿರಿಯರು ಪ್ರೀತಿಯಿಂದಲೇ ಬರ್ರಿ ಬರ್ರಿ ಅಂದ್ರು. ಆಮೇಲೆ ಯಾವ ಊರು ಅಂತ ಕೇಳಿದ್ರು. ಆಮೇಲೆ, "ಯಾರ ಪೈಕಿ?" ನಾವು ಹೇಳಿದ್ವಿ, ನಡೀತು. ಆ ಜೋಡಿ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. "ನಾವು ಗುಡ್ಯಾಗ ಮಲಗ್ತೀವ್ರಿ, ಅಲ್ಲಿ ಗಾಳಿ ಚಲೋ ಬರ್ತದ" ಅಂತ ಹೇಳಿ ಮುಂದೆ ನಡೆದ್ರು. ಯಾರೂ ಅವರಿಗೆ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನಿಸ್ಕೊಳ್ಳೋ ಮುಂಚೆ ಅವರೇ ಹೋದ್ರು. ಎಷ್ಟು ಸಲ ಅನ್ನಿಸ್ಕೊಂಡಿರಬೇಕು, ಅಷ್ಟು ಬೇಗ ಗೊತ್ತಾಗ್ಲಿಕ್ಕೆ.

ಹೊರದೇಶದಲ್ಲಿ ಇದೆಲ್ಲ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ಅಲ್ಲಿ ಕೇಳೋ ರೀತಿ ಬೇರೆ. ಆ್ಯಪಿನಲ್ಲಿ ಹೆಸರು, ಫೋಟೋ ನೋಡ್ತಾರೆ, ಬಾಯಿ ಬಿಟ್ಟು ಕೇಳೋದಿಲ್ಲ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಏರ್‌ಬಿಎನ್‌ಬಿಯಲ್ಲಿ ಒಂದು ಪರೀಕ್ಷೆ ಮಾಡಿದ್ರು, 2017ರಲ್ಲಿ ಅದು ಪ್ರಕಟ ಆಯ್ತು. ಉಳಿದದ್ದೆಲ್ಲ ಒಂದೇ ಇಟ್ಟು ಹೆಸರು ಮಾತ್ರ ಬದಲಿಸಿ ರೂಮು ಕೇಳಿದ್ರು. ಕಪ್ಪು ಜನಾಂಗದವರದು ಅಂತ ಗೊತ್ತಾಗೋ ಹೆಸರಿದ್ರೆ ಒಪ್ಪಿಗೆ ಸಿಗೋ ಸಾಧ್ಯತೆ ಶೇಕಡ 16ರಷ್ಟು ಕಡಿಮೆ. ಆಮೇಲೆ 2018ರಲ್ಲಿ ಆ ಕಂಪನಿ ಬುಕಿಂಗ್ ಒಪ್ಪಿಕೊಂಡ ಮೇಲೆ ಮಾತ್ರ ಅತಿಥಿಯ ಫೋಟೋ ಕಾಣೋ ಹಾಗೆ ನಿಯಮ ಬದಲಿಸ್ತು. ಅಂದ್ರೆ, ಮನೆ ಬಾಗಿಲು ತೆಗೆಯೋದು ಯಜಮಾನನ ಮರ್ಜಿ ಆಗಿರೋವರೆಗೆ ಅವನ ಪೂರ್ವಗ್ರಹಾನೂ ಬಾಗಿಲಲ್ಲೇ ನಿಂತಿರ್ತದೆ. ದುಡ್ಡು ಕೊಡದ ಅತಿಥಿ ಹಕ್ಕಿನಿಂದ ಕೇಳೋ ಹಾಗಿಲ್ಲ. 'ಪುಕ್ಕಟೆ'ಗೆ ಇನ್ನೊಂದು ಬೆಲೆ ಇದೆ ಅಂದದ್ದು ಇದಕ್ಕೇ. ಎಲ್ಲರಿಗೂ ಸಿಗದ ಸೌಲಭ್ಯಕ್ಕೆ ಅಗ್ಗ ಅನ್ನೋದು ಹೇಗೆ?

ನಮ್ಮೂರಿಗೆ ಈ ಮಾತು ಹೊಸದಲ್ಲ. ಹದಿನಾರನೇ ಶತಮಾನದ ಕೊಡೇಕಲ್ ಬಸವಣ್ಣನಿಗೆ, ಇಲ್ಲೇ ಕೃಷ್ಣಾ ದಂಡೆಯ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ನಡ್ಕೋತಾರೆ, ಮುಸಲ್ಮಾನರೂ ನಡ್ಕೋತಾರೆ. ಕೊಡೇಕಲ್‌ನ ಕಾಲಜ್ಞಾನ ಅಮರಗನ್ನಡ ಅನ್ನೋ ಗುಟ್ಟಿನ ಲಿಪಿಯಲ್ಲಿದೆ, ಎಲ್ಲರೂ ಓದೋಕಾಗಲ್ಲ. ಆದ್ರೆ ಒಂದೇ ಗದ್ದುಗೆಗೆ ಎರಡೂ ಕಡೆಯವರು ತಲೆ ಬಾಗೋದು ಎಲ್ಲರ ಕಣ್ಣಿಗೂ ಕಾಣ್ತದೆ. ಗದ್ದುಗೆ ಮುಂದೆ ಕೇಳದ ಪ್ರಶ್ನೆಯನ್ನ ಹೊಸ್ತಿಲ ಮುಂದೆ ಯಾಕೆ ಕೇಳ್ತೀವಿ?

ಹಾಗಾದ್ರೆ ಏನು ಮಾಡೋದು? ಸಂದೇಶ ಕಳಿಸಿದ ತಮ್ಮ-ತಂಗಿಗೆ ನನ್ನ ಉತ್ತರ ಇಷ್ಟು.

ಒಂದು, ಹೋಗ್ರಿ. ಹೆದರಿ ಮನೆಯಲ್ಲಿ ಕೂರಬ್ಯಾಡ್ರಿ. ಸುರಪುರದಲ್ಲಿ ಮೆಡೋಸ್ ಟೇಲರ್ ಇದ್ದ ಬಂಗಲೆ ಇದೆ, ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣೋ ಬೆಟ್ಟ ಇದೆ, ಸನ್ನತಿಯಲ್ಲಿ ಅಶೋಕನ ಕಾಲದ ಶಾಸನ ಸಿಕ್ಕ ಜಾಗ ಇದೆ, ಬೋನಾಳ ಕೆರೆಯಲ್ಲಿ ಹಕ್ಕಿಗಳಿವೆ, ನಾರಾಯಣಪುರದ ಬಸವಸಾಗರ ಇದೆ. ಕೆಂಪು ಬಸ್ಸಿನಲ್ಲಿ ಇಷ್ಟನ್ನೂ ನೋಡಬಹುದು. ಮೊದಲ ಪ್ರವಾಸಕ್ಕೆ ರಾತ್ರಿ ಉಳಿಯೋದು ಲಾಡ್ಜಿನಲ್ಲಿ ಇಟ್ಕೊಳ್ರಿ, ಇಬ್ಬರ ಗುರುತಿನ ಚೀಟಿ ಕೈಯಲ್ಲಿರಲಿ. ಮನೆಯಲ್ಲಿ ಉಳೀಬೇಕು ಅಂದ್ರೆ ನಿಮ್ಮ ಬಗ್ಗೆ ಮೊದಲೇ ಗೊತ್ತಿರೋ ಗೆಳೆಯರ ಮನೆ. ಗೊತ್ತಿಲ್ಲದ ಹೊಸ್ತಿಲಲ್ಲಿ ನಿಮ್ಮ ಮದುವೆಗೆ ಪರೀಕ್ಷೆ ಬರೆಯೋ ಅಗತ್ಯ ಇಲ್ಲ.

ಎರಡು, ಯಾರ ಮನೆಯಲ್ಲಾದ್ರೂ ಉಳಿದ್ರೆ ಕೈ ಬೀಸ್ಕೊಂಡು ಹೊರಡಬ್ಯಾಡ್ರಿ. ನಮ್ಮ ಕಡೆ ಊಟಕ್ಕೆ ದುಡ್ಡು ಕೊಟ್ರೆ ಅವಮಾನ ಅಂತಾರೆ, ನಿಜ. ಆದ್ರೆ ನಮ್ಮ ಹಿರಿಯರು ಇದಕ್ಕೂ ದಾರಿ ಮಾಡಿಟ್ಟಿದಾರೆ. ಹೋಗೋ ಮುಂಚೆ ಸಂತೆಯಲ್ಲಿ ತರಕಾರಿ, ಬೇಳೆ, ಚಹಾಪುಡಿ ತಗೊಂಡು ಹೋಗ್ರಿ. ಮನೆಯ ಹೆಣ್ಣುಮಗಳಿಗೆ ಕುಬಸದ ಬಟ್ಟೆ, ಮಕ್ಕಳ ಕೈಗೆ ದುಡ್ಡು. ಕೊಡೋದು ಯಜಮಾನನ ಕೈಗಲ್ಲ, ದುಡಿದವಳ ಕೈಗೆ. ಮತ್ತೆ ತಮ್ಮಾ, ಇದು ನಿನಗೆ: ಕಟ್ಟೆ ಬಿಟ್ಟು ಎದ್ದು ಒಳಗೆ ಹೋಗು. ನೀರು ಸೇದಿಕೊಡು, ಗಂಗಾಳ ತೊಳಿ. ನಗ್ತಾರೆ, ನಗಲಿ. ಎರಡನೇ ಮನೆಯಲ್ಲಿ ನಮ್ಮ ಮನೆಯವರು ಹಾಗೇ ಮಾಡಿದ್ರು. ಮೊದಲು ಎಲ್ಲರೂ ನಕ್ಕರು, ಆಮೇಲೆ ಆ ಮನೆ ಮಗನೂ ಎದ್ದು ಬಂದ.

ಮೂರು, ಇದು ನಮ್ಮೂರಿನವರಿಗೆ. ದುಡ್ಡು ತಗೊಂಡು ಅತಿಥಿಗಳನ್ನ ಇಟ್ಕೊಳ್ಳೋದು ಕೀಳಲ್ಲ. ಅಲ್ಬೇನಿಯಾದ ಥೆಥ್ ಅನ್ನೋ ಗುಡ್ಡದ ಹಳ್ಳಿಯಲ್ಲಿ 2000ರ ದಶಕದಲ್ಲಿ ಜರ್ಮನಿಯ ಅಭಿವೃದ್ಧಿ ಸಂಸ್ಥೆಯ ನೆರವು ಸಿಕ್ಕಿ ಮನೆಗಳನ್ನ ಅತಿಥಿಗೃಹ ಮಾಡಿಕೊಂಡ್ರು. ರಾತ್ರಿ ಊಟ, ಬೆಳಗಿನ ತಿಂಡಿ, ಹಾಸಿಗೆ, ಎಲ್ಲದಕ್ಕೂ ಒಂದು ದರ. ಬೆಸಾ ಹೆಸರು ಹೇಳೋ ಮಂದಿನೇ ದರಪಟ್ಟಿ ಹಾಕಿದ್ರೆ ಅವರ ಮರ್ಯಾದೆ ಹೋಗಲಿಲ್ಲ. ನಮ್ಮ ಪಕ್ಕದ ಆನೆಗೊಂದಿಯಲ್ಲಿ ಊರ ಹಳೇ ಮನೆಗಳನ್ನ ಪ್ರವಾಸಿಗರಿಗೆ ಬಿಡೋ ಪದ್ಧತಿ ಎಷ್ಟೋ ವರ್ಷದಿಂದ ಇದೆ. ಇಷ್ಟಕ್ಕೂ ನಮ್ಮ ಉತ್ತರ ಕರ್ನಾಟಕದ ಖಾನಾವಳಿ ಅಂದ್ರೇನು? ಹೆಣ್ಣುಮಗಳ ಅಡುಗೆಗೆ ಬೆಲೆ ಕಟ್ಟಿ, ತಲೆ ಎತ್ತಿ ನಡೆಸೋ ವ್ಯಾಪಾರ. ಅದೇ ಖಾನಾವಳಿ ಪಕ್ಕ ಒಂದು ಸ್ವಚ್ಛ ರೂಮು, ಒಂದು ಪಾಯಖಾನೆ ಸೇರಿಸಿದ್ರೆ ಆಯ್ತು. ಮಹಿಳಾ ಸಂಘಗಳು ಕುರಿ, ಹೊಲಿಗೆ ಮಷಿನ್‌ಗೆ ಸಾಲ ಕೊಡ್ತಾವೆ, ಇದಕ್ಕೂ ಕೊಡಬಹುದು. ಬೋರ್ಡಿನ ಮೇಲೆ ದರ ಬರೆದ ಮೇಲೆ, ಬಂದವರನ್ನ ಯಾರ ಪೈಕಿ ಅಂತ ಕೇಳೋ ಜಾಗ ತಾನಾಗೇ ಸಣ್ಣದಾಗ್ತದೆ. ಪೂರ್ತಿ ಹೋಗ್ತದೆ ಅಂತ ನಾನು ಹೇಳಲ್ಲ. ಆದ್ರೆ ದರ ಕೊಟ್ಟವನು 'ಗುಡ್ಯಾಗ ಮಲಗ್ತೀನಿ' ಅಂತ ಹೇಳಿ ಹೋಗಬೇಕಾಗಿಲ್ಲ, ನಿಂತು ಕೇಳಬಹುದು.

ವಿದೇಶಿ ಅತಿಥಿ ಬಂದ್ರೆ ಕಾನೂನಿನ ಒಂದು ಮಾತು ನೆನಪಿರಲಿ. ಸರ್ಬಿಯಾದಲ್ಲಿ ಮನೆಯಲ್ಲಿ ಉಳಿದ ವಿದೇಶಿಯರ ಹೆಸರನ್ನ 24 ತಾಸಿನೊಳಗೆ ಪೊಲೀಸರಲ್ಲಿ ದಾಖಲಿಸಬೇಕು, ಅದಕ್ಕೆ ಬಿಳಿ ಕಾರ್ಡ್ ಅಂತಾರೆ. ನಮ್ಮಲ್ಲೂ 24 ತಾಸಿನೊಳಗೆ ಅವರ ವಿವರ ಆನ್‌ಲೈನಿನಲ್ಲಿ ತುಂಬಬೇಕು.

ನಾಲ್ಕನೇದು ಕೊನೇದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಯಾರು ಯಾವಾಗಲೂ ಬಡಿಸ್ತಾರೋ ಅವರು ಒಮ್ಮೆ ಪಂಕ್ತಿಯಲ್ಲಿ ಕೂರಬೇಕು. ಈ ಸಲ ಯುಗಾದಿ ಮುಂಚೆ ಕಂಬಿ ಹೊರಡುವಾಗ ನಿಮ್ಮ ಮನೆಯ ಅವ್ವ, ಅತ್ತಿಗೆ, ಹೆಂಡತಿಯನ್ನ ಕೇಳ್ರಿ, "ನೀ ಹೋಗ್ತೀ ಏನು? ನಾ ಮನಿ ನೋಡ್ಕೋತೀನಿ." ಕೇಳೋದಷ್ಟೇ ಅಲ್ಲ, ಆ ಎಂಟ್ಹತ್ತು ದಿನ ಬಂದವರಿಗೆ ನೀವೇ ಚಹಾ ಇಡ್ರಿ. ಮೂರೂವರೆಗೆ ಏಳೋದು ಹೇಗಿರ್ತದೆ ಅಂತ ಗೊತ್ತಾಗ್ತದೆ. ಅದರ ಲೆಕ್ಕ ಯಾವ ಆ್ಯಪಿನಲ್ಲೂ ಬರಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಗೆ ಹೋದ ವರ್ಷ ಎಷ್ಟು ಜನ ಅತಿಥಿಗಳು ಬಂದು ಉಳಿದ್ರು, ಅಡುಗೆ ಯಾರು ಮಾಡಿದ್ರು, ಅವರು ಯಾರ ಮನೆಗೆ ಅತಿಥಿಯಾಗಿ ಹೋಗಿದ್ರು, ಈ ಮೂರು ಪ್ರಶ್ನೆಗೆ ಉತ್ತರ ಧ್ವನಿ ಸಂದೇಶದಲ್ಲಿ ಕಳಿಸ್ರಿ. ಅಡುಗೆ ಮಾಡಿದವರ ದನಿಯಲ್ಲೇ ಬಂದ್ರೆ ಇನ್ನೂ ಚಲೋ. ಮುಂದಿನ ವಾರ ಸಿಗೋಣ. ಬರ್ತೀನ್ರಿ.